ಒಂಬತ್ತು ಎಂದರೆ ತರಗತಿ ಯಾಕೆ ನಗುತ್ತದೆ?

ನಮ್ಮ ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ಎಂಟರವರೆಗೆ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಮೇಷ್ಟ್ರು ‘ಒಂಬತ್ತು’ ಎನ್ನುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಂದು ಚಪ್ಪಾಳೆ, ಮುಂದಿನ ಬೆಂಚಿನಿಂದ ಕಿಸಕ್ ಎಂಬ ನಗು. ಆ ನಂಬರಿನ ಹುಡುಗ ತಲೆ ತಗ್ಗಿಸಿ ‘ಎಸ್ ಸಾರ್’ ಎನ್ನುತ್ತಿದ್ದ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ಬಂದಾಗ ಒಂಬತ್ತು ಯಾರ ಪಾಲಿಗೆ ಬೀಳುತ್ತದೋ ಎಂದು ಎಲ್ಲ ಹುಡುಗರಿಗೂ ಒಳಗೊಳಗೇ ಅಳುಕು. ಒಮ್ಮೊಮ್ಮೆ ಮೇಷ್ಟ್ರೂ ಮೀಸೆಯಡಿ ನಗುತ್ತಿದ್ದರು.

ಒಂಬತ್ತು ಎಂದರೆ ನಮ್ಮ ಕಡೆ ಏನೆಂದು ಈ ಪುಟ ಓದುವ ಯಾರಿಗೂ ವಿವರಿಸಬೇಕಿಲ್ಲ. ನಡಿಗೆ ಮೆತ್ತಗಿದ್ದರೆ ಒಂಬತ್ತು, ದನಿ ಸಣ್ಣಗಿದ್ದರೆ ಒಂಬತ್ತು, ಹುಡುಗಿಯರ ಜೊತೆ ಕೂತು ಮಾತಾಡಿದರೆ ಒಂಬತ್ತು.

ಈಗ ನಾನು ಬಿ.ಇಡಿ. ವಿದ್ಯಾರ್ಥಿ. ಈಚೆಗೆ ಹುಣಸೂರು ತಾಲ್ಲೂಕಿನ ಒಂದು ಹೈಸ್ಕೂಲಿಗೆ ಬೋಧನಾ ಅಭ್ಯಾಸಕ್ಕೆ ಹೋಗಿದ್ದೆ. ಮೊದಲ ದಿನ ಹಾಜರಿ ಕೂಗಿದೆ. ಎಂಟು, ಒಂಬತ್ತು. ಅದೇ ಚಪ್ಪಾಳೆ, ಅದೇ ಕಿಸಕ್. ನಾನು ಹೈಸ್ಕೂಲು ಬಿಟ್ಟು ಏಳು ವರ್ಷ ಕಳೆದಿದೆ. ಅಷ್ಟರಲ್ಲಿ ಊರಿಗೆ ಡಾಂಬರು ರಸ್ತೆ ಬಂತು, ಎಲ್ಲರ ಕೈಗೂ ಮೊಬೈಲ್ ಬಂತು. ಸಲಿಂಗ ಪ್ರೇಮವನ್ನು ಅಪರಾಧ ಎನ್ನುತ್ತಿದ್ದ ಕಾನೂನೂ ಹೋಯಿತು. ಈ ನಗು ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ. 377 ಎಂಬ ಸಂಖ್ಯೆ ಹೋದರೂ ಒಂಬತ್ತು ಹಾಗೇ ಉಳಿದದ್ದು ಯಾಕೆ? ಈ ಬರಹಕ್ಕೆ ಕಾರಣ ಆ ಪ್ರಶ್ನೆ.

ನಾನು ಬದಲಾಯಿಸಿದ ಬೆಂಚು

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಹೊಗೆಸೊಪ್ಪಿನ ಮನೆ. ಎಂಟು, ಒಂಬತ್ತನೇ ತರಗತಿಯಲ್ಲಿ ನನಗೊಬ್ಬ ಗೆಳೆಯನಿದ್ದ. ಅವನ ಹೆಸರು ಇಲ್ಲಿ ಬೇಡ. ಸೊಪ್ಪು ಮುರಿಯುವ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ನಮ್ಮ ಬ್ಯಾರನ್ ಹತ್ತಿರ ಬಂದು ನನ್ನ ಜೊತೆ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ. ನಾನು ಹತ್ತು ಕಡ್ಡಿ ಕಟ್ಟುವಷ್ಟರಲ್ಲಿ ಅವನದು ಹದಿನೈದು ಮುಗಿದಿರುತ್ತಿತ್ತು. ವಿಜ್ಞಾನದ ಚಿತ್ರಗಳನ್ನು ನನ್ನ ಪುಸ್ತಕಕ್ಕೂ ಅವನೇ ಬರೆದುಕೊಡುತ್ತಿದ್ದ. ಚೆನ್ನಾಗಿ ಕುಣಿಯುತ್ತಿದ್ದ. ಪ್ರತಿಭಾ ಕಾರಂಜಿಯಲ್ಲಿ ಜಾನಪದ ನೃತ್ಯಕ್ಕೆ ಶಾಲೆಗೆ ಬಹುಮಾನ ತಂದ ದಿನ ಹೆಡ್‌ಮಾಸ್ಟರ್ ಪ್ರಾರ್ಥನೆಯ ಹೊತ್ತಿನಲ್ಲಿ ಅವನಿಗೆ ಚಪ್ಪಾಳೆ ಹೊಡೆಸಿದರು. ಮಾರನೇ ದಿನವೂ ಚಪ್ಪಾಳೆ ಬಿತ್ತು. ಆದರೆ ಅದು ಬೇರೆಯ ಚಪ್ಪಾಳೆ.

ಒಂದು ಸೋಮವಾರ ನಾವು ತರಗತಿಗೆ ಬಂದಾಗ ಕಪ್ಪುಹಲಗೆಯ ಮೇಲೆ ನನ್ನ ಹೆಸರು, ಅವನ ಹೆಸರು, ನಡುವೆ ಹೃದಯದ ಚಿತ್ರ. ಯಾರು ಬರೆದರೋ ಗೊತ್ತಾಗಲಿಲ್ಲ. ಒಳಗೆ ಬಂದ ಮೇಷ್ಟ್ರು ‘ಯಾವ ಜೋಡಿ ಇದು?’ ಎಂದು ಕೇಳಿ ಒರೆಸಿದರು. ನಗು ಜೋರಾಯಿತು. ನಾನು ಪುಸ್ತಕ ಎತ್ತಿಕೊಂಡು ಎದ್ದು ಎರಡು ಬೆಂಚು ಹಿಂದೆ ಹೋಗಿ ಕೂತೆ.

ನಾನು ಮಾಡಿದ್ದು ಅಷ್ಟೇ. ಬಯ್ಯಲಿಲ್ಲ, ಹೊಡೆಯಲಿಲ್ಲ. ಆದರೆ ಆ ಮೇಲೆ ಅವನು ಬ್ಯಾರನ್ ಕಡೆ ಬರಲಿಲ್ಲ. ಅವ್ವ ಒಮ್ಮೆ, ‘ಯಾಕ್ಲಾ, ಆ ಹೈದ ಈಚೀಚೆಗೆ ಮನೆ ಕಡೆನೇ ಬರಕಿಲ್ಲ?’ ಎಂದು ಕೇಳಿದಳು. ‘ಗೊತ್ತಿಲ್ಲ ಕಣವ್ವ’ ಎಂದೆ. ನಮ್ಮಿಬ್ಬರದು ಸ್ನೇಹವೋ ಪ್ರೀತಿಯೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಅದಕ್ಕೊಂದು ಹೆಸರು ಹುಡುಕಿಕೊಳ್ಳುವಷ್ಟು ಸಮಯವನ್ನೂ ಆ ತರಗತಿ ನಮಗೆ ಕೊಡಲಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಅವನು ಓದು ನಿಲ್ಲಿಸಿ ಬೆಂಗಳೂರು ಸೇರಿದ.

ಪರದೆಯ ಮೇಲೆ ಕಂಡ ನಾನು

ಈ ಹಳೆಯ ಗಾಯವನ್ನು ಕೆದಕಿದ್ದು ಒಂದು ಸಿನಿಮಾ. ಬೆಲ್ಜಿಯಂನ ನಿರ್ದೇಶಕ ಲುಕಾಸ್ ಡೊಂಟ್ ಮಾಡಿದ ‘ಕ್ಲೋಸ್’ 2022ರ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಹಂಚಿಕೊಂಡ ಚಿತ್ರ. ಲಿಯೋ ಮತ್ತು ರೆಮಿ ಎಂಬ 13 ವರ್ಷದ ಇಬ್ಬರು ಗೆಳೆಯರು. ಲಿಯೋನ ಮನೆಯವರು ಹೂ ಬೆಳೆಯುವ ರೈತರು. ಇಬ್ಬರೂ ಹೂವಿನ ಹೊಲದಲ್ಲಿ ಓಡುತ್ತಾ ಬೆಳೆದವರು. ಹೊಸ ಶಾಲೆಗೆ ಸೇರಿದಾಗ ಸಹಪಾಠಿ ಹುಡುಗಿಯೊಬ್ಬಳು ‘ನೀವಿಬ್ಬರೂ ಜೋಡಿಯಾ?’ ಎಂದು ಕೇಳುತ್ತಾಳೆ. ಅವಳ ಮಾತಿನಲ್ಲಿ ದ್ವೇಷವೇನೂ ಇಲ್ಲ. ಆದರೆ ಆ ಕ್ಷಣದಿಂದ ಲಿಯೋ ನಿಧಾನವಾಗಿ ದೂರ ಸರಿಯುತ್ತಾನೆ. ಐಸ್ ಹಾಕಿ ಆಡುವ ಹುಡುಗರ ಗುಂಪು ಸೇರುತ್ತಾನೆ. ರೆಮಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಕೊನೆಗೆ ಅವನು ಜೀವ ಕಳೆದುಕೊಳ್ಳುತ್ತಾನೆ. ಉಳಿದ ಚಿತ್ರವೆಲ್ಲ ಲಿಯೋ ಆ ಭಾರ ಹೊರುವ ಕಥೆ.

ರಾತ್ರಿ ಮೊಬೈಲಿನಲ್ಲಿ ಅದನ್ನು ನೋಡಿ ಮುಗಿಸಿದಾಗ ಮೈ ತಣ್ಣಗಾಗಿತ್ತು. ನನ್ನ ಗೆಳೆಯ ಬದುಕಿದ್ದಾನೆ. ಅದು ನನ್ನ ಪುಣ್ಯ, ನನ್ನ ಒಳ್ಳೆಯತನವಲ್ಲ. ಎಲ್ಲರ ಮಕ್ಕಳಿಗೂ ಆ ಪುಣ್ಯ ಇರುವುದಿಲ್ಲ. 2022ರ ಫೆಬ್ರುವರಿಯಲ್ಲಿ ಹರಿಯಾಣದ ಫರಿದಾಬಾದಿನಲ್ಲಿ ಹತ್ತನೇ ತರಗತಿಯ ಬಾಲಕನೊಬ್ಬ ಪ್ರಾಣ ಬಿಟ್ಟ. ಶಾಲೆಯಲ್ಲಿ ಅವನನ್ನು ಇದೇ ಕಾರಣಕ್ಕೆ ಕಾಡುತ್ತಿದ್ದರು ಎಂದು ತಾಯಿ ದೂರಿದರು. 2023ರ ನವೆಂಬರ್‌ನಲ್ಲಿ ಉಜ್ಜಯಿನಿಯ 16 ವರ್ಷದ ಹುಡುಗನೊಬ್ಬ ಮೇಕಪ್ ಮಾಡಿಕೊಂಡು, ಸೀರೆಯುಟ್ಟ ತನ್ನ ವಿಡಿಯೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ. ಅದರ ಕೆಳಗೆ ಹೊಲಸು ಮಾತುಗಳ ಮಳೆಯೇ ಸುರಿಯಿತು. ಅವನೂ ಉಳಿಯಲಿಲ್ಲ.

ನಮ್ಮ ಕನ್ನಡ ಸಿನಿಮಾ ಈ ವಿಷಯದಲ್ಲಿ ನಮಗೆ ಏನು ಕಲಿಸಿದೆ? ಬಹುಪಾಲು ನಗುವುದನ್ನೇ. ಸೊಂಟ ಬಳುಕಿಸುವ ಗಂಡಸು ಬಂದ ಕೂಡಲೇ ಹಿನ್ನೆಲೆಯಲ್ಲಿ ತಮಾಷೆಯ ಸಂಗೀತ. ಅವನು ನಾಯಕನ ಭುಜ ಮುಟ್ಟಿದರೆ ನಾಯಕ ಹೌಹಾರಬೇಕು, ನಾವು ಶಿಳ್ಳೆ ಹೊಡೆಯಬೇಕು. ಟಿ.ವಿ.ಯ ಹಾಸ್ಯ ಕಾರ್ಯಕ್ರಮಗಳಲ್ಲೂ ಇದೇ ಸರಕು. ನಮ್ಮ ತರಗತಿಯ ಹುಡುಗರು ಅದನ್ನು ನೋಡಿಯೇ ಆ ಚಪ್ಪಾಳೆ ಕಲಿತದ್ದು.

ಹಾಗೆಂದು ಒಳ್ಳೆಯ ಚಿತ್ರ ಬರಲೇ ಇಲ್ಲ ಎನ್ನುವಂತಿಲ್ಲ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ 2015ರಲ್ಲಿ ಬಿಡುಗಡೆಯಾಯಿತು. ಅದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ ಚಿತ್ರ. ಗಂಡಾಗಿ ಹುಟ್ಟಿ ಒಳಗೆ ಹೆಣ್ಣಾಗಿದ್ದ ಜೀವದ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದು ಬಂದ ವರ್ಷ ನಾವು ಎಂಟನೇ ತರಗತಿ. ನಮ್ಮ ತರಗತಿಯಲ್ಲಿ ಒಬ್ಬರೂ ಆ ಚಿತ್ರ ನೋಡಿರಲಿಲ್ಲ. ಅದರ ಹೆಸರು ಮಾತ್ರ ಎಲ್ಲರಿಗೂ ಗೊತ್ತಿತ್ತು. ನನ್ನ ಗೆಳೆಯ ತರಗತಿಗೆ ಬಂದರೆ ಸಾಕು, ಯಾರಾದರೊಬ್ಬರು ಆ ಹೆಸರು ಹೇಳುತ್ತಿದ್ದರು. ಕರುಣೆ ಬೇಡಿದ ಚಿತ್ರವೊಂದು ನಮ್ಮ ಬಾಯಲ್ಲಿ ಬಯ್ಗುಳವಾಯಿತು!

ಇದರಲ್ಲಿ ಇನ್ನೊಂದು ಗೊಂದಲವೂ ಇದೆ. ಗಂಡಿನ ದೇಹದಲ್ಲಿ ಹುಟ್ಟಿ ತಾನು ಹೆಣ್ಣೆಂದು ಅರಿಯುವವರು ಲಿಂಗತ್ವ ಅಲ್ಪಸಂಖ್ಯಾತರು. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವನು ಸಲಿಂಗಿ. ಇವೆರಡೂ ಅಲ್ಲದೆ ಸುಮ್ಮನೆ ಮೃದು ಸ್ವಭಾವದ ಹುಡುಗರೂ ಬೇಕಾದಷ್ಟು ಮಂದಿ ಇದ್ದಾರೆ. ಒಂಬತ್ತು ಎಂಬ ಪದ ಈ ಮೂವರನ್ನೂ ಒಂದೇ ಗೋಣಿಗೆ ತುರುಕುತ್ತದೆ. ಹಾಗಾಗಿ ಈ ಪದದಿಂದ ನೋಯುವವರ ಸಂಖ್ಯೆ ನಾವು ಎಣಿಸಿದ್ದಕ್ಕಿಂತ ದೊಡ್ಡದು. ಹುಡುಗಿಯರ ವಿಷಯದಲ್ಲಂತೂ ಬಯ್ಯಲು ಪದವೂ ಇಲ್ಲ. ಅವರ ಪ್ರೀತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೆ ನೇರ ಮದುವೆ.

ಇದು ಪೇಟೆಯವರ ವಿಷಯವೇ?

‘ಇವೆಲ್ಲ ಬೆಂಗಳೂರು, ಮುಂಬೈ ಜನರ ಶೋಕಿ, ನಮ್ಮ ಕಡೆ ಇಲ್ಲ’ ಎಂಬ ಮಾತನ್ನು ನಾನು ಶಿಕ್ಷಕರ ಕೊಠಡಿಯಲ್ಲೇ ಕೇಳಿದ್ದೇನೆ. ಸಲಿಂಗ ವಿವಾಹದ ಪ್ರಕರಣದಲ್ಲಿ ಕೇಂದ್ರ ಸರ್ಕಾರವೂ ಸುಪ್ರೀಂ ಕೋರ್ಟಿನಲ್ಲಿ ಇದು ನಗರದ ಮೇಲ್ವರ್ಗದವರ ಬೇಡಿಕೆ ಎಂಬ ಅರ್ಥದ ವಾದ ಮಂಡಿಸಿತ್ತು. 2023ರ ಅಕ್ಟೋಬರ್ 17ರಂದು ತೀರ್ಪು ನೀಡಿದ ಐವರು ನ್ಯಾಯಮೂರ್ತಿಗಳ ಪೀಠ ಮದುವೆಯ ಹಕ್ಕನ್ನು ಕೊಡಲಿಲ್ಲ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಆದರೆ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ತಮ್ಮ ತೀರ್ಪಿನಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು: ಇದು ನಗರಕ್ಕೋ ಮೇಲ್ವರ್ಗಕ್ಕೋ ಸೀಮಿತವಾದ ಸಂಗತಿಯಲ್ಲ, ಹಳ್ಳಿಯಲ್ಲಿ ಹೊಲಗೆಲಸ ಮಾಡುವ ಹೆಂಗಸೂ ಹೀಗಿರಬಹುದು ಎಂಬುದು ಅದರ ಸಾರ.

ನಮ್ಮ ಸುತ್ತಲಿನ ಸಿನಿಮಾಗಳೂ ಅದನ್ನೇ ಹೇಳುತ್ತಿವೆ. ಮಂಡ್ಯದಲ್ಲಿ ಹುಟ್ಟಿ ಮುಂಬೈನಲ್ಲಿ ನೆಲೆಸಿದ ಶ್ರೀಧರ್ ರಂಗಾಯನ್ ‘ಈವ್ನಿಂಗ್ ಶ್ಯಾಡೋಸ್’ ಚಿತ್ರವನ್ನು ಶ್ರೀರಂಗಪಟ್ಟಣದಲ್ಲಿ ಚಿತ್ರೀಕರಿಸಿದರು. ಮುಂಬೈಯಿಂದ ಊರಿಗೆ ಬಂದ ಮಗ ತಾನು ಸಲಿಂಗಿ ಎಂದು ತಾಯಿಗೆ ಹೇಳಿಕೊಳ್ಳುತ್ತಾನೆ. ಒಂದು ಕಡೆ ಮಗ, ಇನ್ನೊಂದು ಕಡೆ ಗಂಡ ಮತ್ತು ಸಂಪ್ರದಾಯ. ನಡುವೆ ಸಿಕ್ಕಿಕೊಂಡ ತಾಯಿ ನಮ್ಮ ಯಾವ ಮನೆಯಲ್ಲಾದರೂ ಸಿಗುವ ಹೆಂಗಸು. ಕೆ.ಆರ್. ನಗರ, ಚುಂಚನಕಟ್ಟೆಯ ಮೂಲಕ ಹರಿದ ಕಾವೇರಿಯೇ ಆ ಚಿತ್ರದ ಊರನ್ನೂ ಸುತ್ತುತ್ತಾಳೆ. ಆದರೆ ಚಿತ್ರದ ಭಾಷೆ ಹಿಂದಿ. ನಮ್ಮ ನದಿಯ ದಡದ ಕಥೆಯನ್ನು ನಾವು ಬೇರೆ ಭಾಷೆಯಲ್ಲಿ ನೋಡಬೇಕಾಯಿತು.

ಇತ್ತ ಎಚ್.ಡಿ. ಕೋಟೆಯಿಂದ ಬಾವಲಿ ಗೇಟು ದಾಟಿದರೆ ಕೇರಳ. 2023ರ ನವೆಂಬರ್‌ನಲ್ಲಿ ಅಲ್ಲಿ ‘ಕಾದಲ್ – ದಿ ಕೋರ್’ ಬಿಡುಗಡೆಯಾಯಿತು. ಪಂಚಾಯಿತಿ ಉಪಚುನಾವಣೆಗೆ ನಿಂತ ಮಧ್ಯವಯಸ್ಕ ಗಂಡಸು, ವಿಚ್ಛೇದನ ಕೇಳುವ ಹೆಂಡತಿ. ಕಾರಣ, ಗಂಡ ಸಲಿಂಗಿ. ಆ ಪಾತ್ರವನ್ನು ಮಾಡಿದ್ದು ಮಮ್ಮುಟ್ಟಿ! ಅಷ್ಟು ದೊಡ್ಡ ನಟ ಅಳುಕಿಲ್ಲದೆ ಒಪ್ಪಿಕೊಂಡದ್ದರಿಂದ ಟೀ ಅಂಗಡಿಯಲ್ಲೂ ಅದರ ಬಗ್ಗೆ ಮಾತಾಡಬಹುದು ಎಂದಾಯಿತು. ನಮ್ಮಲ್ಲಿ ಅಂಥ ತಾರೆ ಇನ್ನೂ ಮುಂದೆ ಬಂದಿಲ್ಲ. ಕನ್ನಡ ಸಾಹಿತ್ಯ ಮಾತ್ರ ಸಿನಿಮಾಗಿಂತ ಮುಂದಿದೆ. ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು 2013ರಲ್ಲಿ.

ಶಾಲೆಯ ಪ್ರೀತಿಯನ್ನು ನಮ್ಮ ಸಿನಿಮಾ ತೋರಿಸುವುದೇ ಇಲ್ಲ ಎಂದಲ್ಲ. 2018ರಲ್ಲಿ ಬಂದ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರದಲ್ಲಿ ಹುಡುಗನೊಬ್ಬ ಸಹಪಾಠಿ ಹುಡುಗಿಯ ಮೇಲೆ ಮನಸ್ಸಿಟ್ಟಾಗ ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ಅದು ಅಕ್ಕರೆಯ ನಗು. ಅವನ ಜಾಗದಲ್ಲಿ ನಮ್ಮ ಬಾಲ್ಯವನ್ನೇ ಕಂಡೆವು. ಅದೇ ವಯಸ್ಸು, ಅದೇ ಮುಗ್ಧತೆ, ಆದರೆ ಹುಡುಗನ ಮನಸ್ಸು ಇನ್ನೊಬ್ಬ ಹುಡುಗನ ಕಡೆ ವಾಲಿದರೆ ನಗುವಿನ ಜಾತಿಯೇ ಬದಲಾಗುತ್ತದೆ.

ಕಾನೂನು ಎಲ್ಲಿಯವರೆಗೆ ಬಂದಿದೆ?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಆಗ ನಾನು ಪ್ರಥಮ ಪಿಯುಸಿ. ಕಾಲೇಜಿನಲ್ಲಿ ಅದರ ಬಗ್ಗೆ ಕೇಳಿದ್ದು ಜೋಕುಗಳನ್ನು ಮಾತ್ರ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮಾನವಾದ ಕಲಮೇ ಇಲ್ಲ. ಸಲಿಂಗ ಪ್ರೇಮವನ್ನು ‘ಗುಣಪಡಿಸುತ್ತೇವೆ’ ಎನ್ನುವ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿತ್ತು.

ಶಿಕ್ಷಣ ಕ್ಷೇತ್ರದಲ್ಲಿ ಏನಾಗಿದೆ? ಯುಜಿಸಿ 2016ರಲ್ಲಿ ರ‍್ಯಾಗಿಂಗ್ ತಡೆ ನಿಯಮಕ್ಕೆ ತಿದ್ದುಪಡಿ ತಂದು, ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯನ್ನು ಹಿಂಸಿಸುವುದೂ ರ‍್ಯಾಗಿಂಗ್ ಎಂದು ಸೇರಿಸಿತು. ಆದರೆ ಅದು ಕಾಲೇಜುಗಳಿಗೆ. ನಮ್ಮ ಹೈಸ್ಕೂಲಿನ ಹುಡುಗ ಕಾಲೇಜಿನವರೆಗೆ ಉಳಿದರೆ ತಾನೇ ಅದು ಸಿಗುವುದು? ಶಾಲೆಗಳ ಮಟ್ಟಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಬೆತ್ತ ಕೆಳಗಿಡಬೇಕು ಎಂಬುದನ್ನು ನಾವು ಅರ್ಥ ಮಾಡಿಕೊಂಡೆವು, ಮಾನಸಿಕ ಕಿರುಕುಳ ಎಂಬ ಎರಡು ಪದಗಳನ್ನು ಓದಲೇ ಇಲ್ಲ.

2021ರಲ್ಲಿ ಎನ್‌ಸಿಇಆರ್‌ಟಿ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಶಿಕ್ಷಕರಿಗಾಗಿ ಒಂದು ಕೈಪಿಡಿ ತಯಾರಿಸಿ ವೆಬ್‌ಸೈಟಿನಲ್ಲಿ ಹಾಕಿತ್ತು. ಆಕ್ಷೇಪಗಳು ಬಂದವು, ಕೆಲವೇ ದಿನಗಳಲ್ಲಿ ಅದು ಕಾಣೆಯಾಯಿತು. ಅದೇ ವರ್ಷ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಇಬ್ಬರು ಯುವತಿಯರ ಪ್ರಕರಣ ಬಂತು. ತಮಗೆ ಈ ವಿಷಯ ಸರಿಯಾಗಿ ತಿಳಿಯದು ಎಂದು ಒಪ್ಪಿಕೊಂಡ ಅವರು ತಾವೇ ಮನಃಶಾಸ್ತ್ರಜ್ಞರ ಬಳಿ ಕೂತು ಕಲಿತು, ಆಮೇಲೆ ಆದೇಶ ಬರೆದರು. ಹೈಕೋರ್ಟಿನ ನ್ಯಾಯಮೂರ್ತಿಯೇ ‘ನನಗೆ ಗೊತ್ತಿಲ್ಲ, ಕಲಿಯುತ್ತೇನೆ’ ಎನ್ನಬಹುದಾದರೆ ನಮ್ಮ ಶಿಕ್ಷಕರಿಗೆ ಯಾಕೆ ಸಂಕೋಚ? ಎರಡು ವರ್ಷದ ನನ್ನ ಬಿ.ಇಡಿ.ಯಲ್ಲಿ ಮಕ್ಕಳ ಮನೋವಿಜ್ಞಾನದ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ. ಈ ಮಕ್ಕಳ ಬಗ್ಗೆ ತರಗತಿಯಲ್ಲಿ ಒಂದು ಗಂಟೆಯ ಚರ್ಚೆಯೂ ಆಗಲಿಲ್ಲ.

ಮಕ್ಕಳು ಕೆಡುತ್ತಾರೆಯೇ?

ಇಂಥದ್ದನ್ನು ತರಗತಿಯಲ್ಲಿ ಮಾತಾಡಿದರೆ, ಇಂಥ ಸಿನಿಮಾ ತೋರಿಸಿದರೆ ಮಕ್ಕಳು ಕೆಡುತ್ತಾರೆ ಎಂಬ ಭಯ ಪೋಷಕರಿಗಿದೆ. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ನನ್ನ ಗೆಳೆಯನೂ ಎಲ್ಲರಂತೆ ಹುಡುಗ–ಹುಡುಗಿಯ ಪ್ರೇಮದ ಚಿತ್ರಗಳನ್ನೇ ನೋಡಿ ಬೆಳೆದವನು. ಅಷ್ಟು ನೋಡಿದರೂ ಅವನ ಮನಸ್ಸು ಬದಲಾಗಲಿಲ್ಲ. ಹಾಗಿದ್ದಾಗ ಬೇರೆ ಥರದ ಒಂದು ಚಿತ್ರ ನೋಡಿ ಉಳಿದ ನಲವತ್ತು ಮಕ್ಕಳ ಮನಸ್ಸು ಹೇಗೆ ಬದಲಾದೀತು? ಹದಿನೆಂಟು ತುಂಬದವರ ವಿಷಯದಲ್ಲಿ ಕಾನೂನಿನ ಎಚ್ಚರ ಎಲ್ಲರಿಗೂ ಒಂದೇ. ನಾನು ಕೇಳುತ್ತಿರುವುದು ಯಾವ ಅನುಮತಿಯನ್ನೂ ಅಲ್ಲ, ಗೇಲಿಯಿಂದ ರಕ್ಷಣೆ.

ಹಾಗೆಯೇ ಸಿನಿಮಾ ಒಂದೇ ಸಾಕು ಎಂದು ನಂಬುವವರಿಗೂ ನನ್ನ ಉತ್ತರ ಇಲ್ಲ ಎಂಬುದೇ. ‘ನಾನು ಅವನಲ್ಲ ಅವಳು’ ಎಂಬ ಹೆಸರನ್ನು ನಾವು ಏನು ಮಾಡಿದೆವು ಎಂದು ಮೇಲೆ ಹೇಳಿದೆ. ಸಿನಿಮಾ ಮನಸ್ಸಿನ ಬಾಗಿಲು ತಟ್ಟಬಹುದು. ತೆರೆಯಬೇಕಾದ್ದು ತರಗತಿಯಲ್ಲಿ ನಿಂತ ದೊಡ್ಡವರು. ಕಪ್ಪುಹಲಗೆಯ ಮೇಲಿನ ಹೆಸರುಗಳನ್ನು ಒರೆಸಿದ ಮೇಷ್ಟ್ರು ‘ಯಾವ ಜೋಡಿ’ ಎಂದು ಕೇಳುವ ಬದಲು ‘ಇದನ್ನು ಬರೆದದ್ದು ತಪ್ಪು’ ಎಂದಿದ್ದರೆ ನಾನು ಬೆಂಚು ಬದಲಾಯಿಸುತ್ತಿರಲಿಲ್ಲವೇನೋ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಬಿ.ಇಡಿ., ಡಿ.ಇಡಿ. ತರಬೇತಿಯಲ್ಲಿ ಇದಕ್ಕೊಂದು ಪಾಠ. ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರ ಜೊತೆ ಒಂದು ಮಾತು. ಶಾಲೆಯ ದೂರು ಪೆಟ್ಟಿಗೆಯನ್ನು ನಿಜವಾಗಿ ತೆರೆದು ನೋಡುವುದು. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸುವುದು. ಎಲ್ಲಕ್ಕಿಂತ ಮೊದಲು, ಮಕ್ಕಳು ನಕ್ಕಾಗ ಶಿಕ್ಷಕರು ತಾವೂ ನಗದಿರುವುದು.

ಹುಣಸೂರಿನ ಆ ತರಗತಿಯಲ್ಲಿ ನಗು ಕೇಳಿದ ದಿನ ನಾನು ಹಾಜರಿ ನಿಲ್ಲಿಸಿ ‘ಯಾಕೆ ನಕ್ಕಿದ್ದು?’ ಎಂದು ಕೇಳಿದೆ. ಎಲ್ಲರೂ ಸುಮ್ಮನಾದರು. ಯಾರ ಬಳಿಯೂ ಉತ್ತರವಿರಲಿಲ್ಲ. ‘ಬಿಡಿ ಸಾರ್, ಹುಡುಗ್ರು ತಮಾಷೆ ಮಾಡ್ತವೆ’ ಎಂದರು ಅಲ್ಲಿನ ಹಿರಿಯ ಶಿಕ್ಷಕರು. ಮರುದಿನದಿಂದ ನಂಬರ್ ಬಿಟ್ಟು ಹೆಸರು ಕೂಗತೊಡಗಿದೆ. ತರಗತಿಯೊಳಗೆ ಚಪ್ಪಾಳೆ ನಿಂತಿತು. ಮೈದಾನದಲ್ಲಿ ಆ ಪದ ಆಮೇಲೂ ಕೇಳಿಸಿತು. ಆದರೆ ಅಭ್ಯಾಸದ ಕೊನೆಯ ವಾರ ಒಂಬತ್ತನೇ ನಂಬರಿನ ಹುಡುಗ ಬಂದು, ‘ಸಾರ್, ನೀವು ಹೋದ್ಮೇಲೂ ಹೆಸ್ರೇ ಕೂಗಕ್ಕೆ ಹೇಳೋಗಿ’ ಎಂದ.

ಆ ರಾತ್ರಿ ಎಷ್ಟೋ ವರ್ಷಗಳ ಮೇಲೆ ಗೆಳೆಯನಿಗೆ ಫೋನ್ ಮಾಡಿದೆ. ಬೆಂಚು ಬದಲಾಯಿಸಿದ್ದಕ್ಕೆ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನೀನು ಎದ್ದೋಗಿದ್ಕಲ್ಲ ಕಣ್ಲಾ, ಯಾಕೆ ಅಂತ ಒಂದು ಮಾತು ಹೇಳ್ಲಿಲ್ವಲ್ಲ, ಅದ್ಕೆ ಬೇಜಾರಾಗಿತ್ತು’ ಎಂದ. ಈ ವಿಷಯ ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. ‘ಬರಿ. ಹೆಸ್ರು ಮಾತ್ರ ಹಾಕ್ಬೇಡ. ನಮ್ಮಪ್ಪ ದಿನಾ ಟೀ ಅಂಗ್ಡೀಲಿ ಪೇಪರ್ ಓದ್ತಾನೆ’ ಎಂದ.

ಹಾಕಿಲ್ಲ. ಹಾಕಿದರೂ ಏನೂ ಆಗದಂಥ ಊರು ನಮ್ಮದಾಗಬೇಕಾದರೆ, ನಾಳೆ ಬೆಳಿಗ್ಗೆ ಹಾಜರಿ ಕೂಗುವಾಗ ಎಂಟರ ನಂತರ ಏನಾಗುತ್ತದೆ ಎಂಬುದನ್ನು ನಾವು ಮೊದಲು ಗಮನಿಸಬೇಕು.